ಕತ್ತಿ ಹಿಡಿದು ಗಡ್ಡ ಮಾಡಿಕೊಳ್ಳುವ ಮುಂಚೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸಾರ್, ನಮ್ಮದು ದಾವಣಗೆರೆ, ವಿನೋಬನಗರ. ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅಜ್ಜನ ಟ್ರಂಕಿನಲ್ಲಿ ಮಡಚುವ ಕ್ಷೌರದ ಕತ್ತಿ ಸಿಕ್ಕಿತು. ಅದರ ಮೇಲೆ ಶೆಫೀಲ್ಡ್ ಅಂತ ಇದೆ. ವಿಡಿಯೋ ನೋಡಿಕೊಂಡು ಒಂದು ಸಲ ಕೆನ್ನೆಗೆ ಇಟ್ಟೆ. ಕೂದಲು ಕಿತ್ತ ಹಾಗಾಯಿತು, ಉರಿ ಬೇರೆ. ನನಗೆ ಬರಲ್ಲ ಅಂತ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ ತಮ್ಮಾ. ನಿಮ್ಮ ಕೈಯಲ್ಲಿ ಏನೂ ದೋಷ ಇಲ್ಲ. ಕತ್ತಿ ಮೊಂಡಾಗಿದೆ, ಅಷ್ಟೇ. ಹೊಸದಾಗಿ ಕಲಿಯುವವರು ಹರಿತವಾದ ಕತ್ತಿ ಅಂದರೆ ಹೆದರುತ್ತಾರೆ, ಆದರೆ ಮುಖ ಕೆಡಿಸುವುದು ಮೊಂಡು ಕತ್ತಿಯೇ ಜಾಸ್ತಿ. ಅದು ಕೂದಲನ್ನು ಕತ್ತರಿಸುವುದಿಲ್ಲ, ಹಾಗಾಗಿ ನಾವು ಒತ್ತುತ್ತೇವೆ, ಒತ್ತಿದಾಗ ಅಂಚು ಕೂದಲನ್ನು ಬಿಟ್ಟು ಚರ್ಮಕ್ಕೆ ಇಳಿಯುತ್ತದೆ. ಈ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ, ಮಿಕ್ಕಿದ್ದೆಲ್ಲ ಇದರ ಮೇಲೇ ನಿಂತಿದೆ.

ನಿಮ್ಮ ಕೈಗೆ ಸಿಕ್ಕಿರುವುದು ಒಳ್ಳೆಯ ಊರಿನ ಕತ್ತಿ, ಶೆಫೀಲ್ಡ್ ಅಂದರೆ ಇಂಗ್ಲೆಂಡಿನ ಒಂದು ಊರು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಅನ್ನುವವರು ಮೂಸೆಯಲ್ಲಿ ಕರಗಿಸಿ ಒಂದೇ ಸಮನಾದ ಉಕ್ಕು ತಯಾರಿಸುವ ವಿಧಾನ ಕಂಡುಹಿಡಿದ ಮೇಲೆ ಶೆಫೀಲ್ಡ್‌ನ ಕತ್ತಿಗಳಿಗೆ ಹೆಸರು ಬಂತು. ಆದರೆ ಹೆಸರು ನೋಡಿ ಸಾಣೆಗೆ ಕೊಡುವ ಮುಂಚೆ ಕತ್ತಿಯನ್ನೇ ಸರಿಯಾಗಿ ನೋಡಿ. ಬಿಸಿಲಿಗೆ ಹಿಡಿದು ಅಂಚಿನ ಉದ್ದಕ್ಕೂ ಕಣ್ಣು ಹಾಯಿಸಿ. ಮೇಲೆ ಮೇಲೆ ತುಕ್ಕಿದ್ದರೆ ಯೋಚನೆ ಇಲ್ಲ, ತುಕ್ಕು ತಿಂದು ಸಣ್ಣ ಗುಂಡಿಗಳಾಗಿ ಅವು ಅಂಚಿನವರೆಗೂ ಬಂದಿದ್ದರೆ ಅದು ಕ್ಷೌರಕ್ಕೆ ಬರುವುದು ಕಷ್ಟ. ಬಿರುಕು ಬಿಟ್ಟಿದ್ದರಂತೂ ಮುಖಕ್ಕೆ ಇಡಲೇಬೇಡಿ, ಅಜ್ಜನ ನೆನಪಿಗೆ ಒರೆಸಿ ಇಟ್ಟುಕೊಳ್ಳಿ. ಹಿಡಿಯನ್ನೂ ನೋಡಿ. ಸೆಲ್ಯುಲಾಯ್ಡ್ ಅನ್ನುವ ಹಳೇ ಕಾಲದ ಪ್ಲಾಸ್ಟಿಕ್ಕಿನ ಹಿಡಿಗಳು ಕೊಳೆಯುತ್ತಾ ಬಂದಾಗ ಹೊರಬರುವ ಆವಿಗೆ ಅಲಗು ತುಕ್ಕು ಹಿಡಿಯುತ್ತದೆ. ಹಾಗಾಗಿದ್ದರೆ ಹಿಡಿ ಬದಲಾಯಿಸಬೇಕು. ಬಿಳಿ ಹಿಡಿ ಇದ್ದರೆ ಆನೆದಂತ ಅಂದುಕೊಂಡು ಮಾರಲು ಹೋಗುವವರೂ ಇದ್ದಾರೆ. ಬಹಳಷ್ಟು ಸಲ ಅದೂ ಸೆಲ್ಯುಲಾಯ್ಡೇ ಆಗಿರುತ್ತದೆ, ನಿಜವಾಗಿ ದಂತವೇ ಆಗಿದ್ದರೆ ಅದರ ಮಾರಾಟಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ.

ತುಕ್ಕು ತೆಗೆಯಲು ಹುಣಸೆಹಣ್ಣು, ನಿಂಬೆಹಣ್ಣು ಬೇಡವೇ ಬೇಡ. ತಾಮ್ರದ ಕೊಡಕ್ಕೆ ಅದು ಸರಿ, ಈ ಉಕ್ಕನ್ನು ಹುಳಿ ತಿನ್ನುತ್ತದೆ. ಲೋಹ ಹೊಳಪು ಮಾಡುವ ಪಾಲಿಶ್ ಸ್ವಲ್ಪ ಹತ್ತಿಗೆ ಹಾಕಿ, ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಮೆಲ್ಲಗೆ ಒರೆಸಿದರೆ ಸಾಕು.

ಈಗ ಸಾಣೆಯ ವಿಷಯ. ಸೈಕಲ್ ಮೇಲೆ ಚಕ್ರ ಕಟ್ಟಿಕೊಂಡು ಚಾಕು, ಕತ್ತರಿ, ಈಳಿಗೆ ಸಾಣೆ ಹಿಡಿಯಲು ಬೀದಿಗೆ ಬರುತ್ತಾರಲ್ಲ, ಅವರ ಕೈಗೆ ದಯವಿಟ್ಟು ಇದನ್ನು ಕೊಡಬೇಡಿ. ಅವರ ಕೆಲಸ ಅಡುಗೆಮನೆಗೆ ಚೆನ್ನಾಗಿಯೇ ಇರುತ್ತದೆ. ಆದರೆ ಕ್ಷೌರದ ಕತ್ತಿಯ ಅಂಚು ತುಂಬಾ ತೆಳು. ತಿರುಗುವ ಚಕ್ರದ ಬಿಸಿಗೆ ಉಕ್ಕಿನ ಗಟ್ಟಿತನ ಹೋಗುತ್ತದೆ, ಒಂದು ನಿಮಿಷದಲ್ಲಿ ಅಜ್ಜನ ಕತ್ತಿ ಹಾಳು. ಇದನ್ನು ಮಸೆಯಬೇಕಾದದ್ದು ಸಮತಟ್ಟಾದ ಕಲ್ಲಿನ ಮೇಲೆ, ನೀರು ಹಾಕಿ, ಬೆನ್ನು ಮತ್ತು ಅಂಚು ಎರಡೂ ಒಟ್ಟಿಗೆ ಕಲ್ಲಿಗೆ ತಾಗುವ ಹಾಗೆ ಮಲಗಿಸಿ. ಬೆನ್ನೇ ಕೋನವನ್ನು ಕಾಯುತ್ತದೆ, ಅದಕ್ಕೇ ಈ ಕತ್ತಿಯ ಬೆನ್ನು ಅಷ್ಟು ದಪ್ಪ. ಸಾಮಾನ್ಯವಾಗಿ 1000 ನಂಬರಿನ ಕಲ್ಲಿನಿಂದ ಶುರುಮಾಡಿ 4000 ಅಥವಾ 5000, ಆಮೇಲೆ 8000, ಕೊನೆಗೆ 12000 ನಂಬರಿನ ನುಣುಪು ಕಲ್ಲಿಗೆ ಬರುತ್ತಾರೆ. ಮೊದಲ ಸಲ ಇದನ್ನು ನೀವೇ ಮಾಡಬೇಡಿ. ಕಟಿಂಗ್ ಶಾಪ್‌ಗಳಲ್ಲಿ ವಿಚಾರಿಸಿ. ಇವತ್ತು ಅಂಗಡಿಯಲ್ಲಿ ಅರ್ಧ ಬ್ಲೇಡ್ ಹಾಕುವವರೇ ಇದ್ದರೂ, ಕಲ್ಲಿನ ಮೇಲೆ ಮಸೆಯುವುದು ಗೊತ್ತಿರುವ ಹಿರಿಯರು ಯಾರಾದರೂ ಸಿಗಬಹುದು. ಸಿಕ್ಕರೆ ಮರ್ಯಾದೆಯಿಂದ ಕೇಳಿ, ಅವರ ಸಮಯಕ್ಕೆ ದುಡ್ಡು ಕೊಡಿ, ಪಕ್ಕದಲ್ಲಿ ನಿಂತು ಅವರ ಮಣಿಕಟ್ಟು ಹೇಗೆ ಆಡುತ್ತದೆ ಅಂತ ನೋಡಿ. ಯಾವ ವಿಡಿಯೋ ಕೂಡ ಅದನ್ನು ಅಷ್ಟು ಚೆನ್ನಾಗಿ ತೋರಿಸುವುದಿಲ್ಲ.

ಕತ್ತಿ ಸಿದ್ಧವಾಗಿದೆಯೋ ಇಲ್ಲವೋ ನೋಡಲು ಹೆಬ್ಬೆರಳು ಸವರಬೇಡಿ. ಮುಂಗೈ ಕೂದಲಿನ ಮೇಲೆ, ಚರ್ಮಕ್ಕೆ ತಾಗಿಯೂ ತಾಗದ ಹಾಗೆ ಸರಿಸಿ. ಕೂದಲು ಸದ್ದಿಲ್ಲದೆ ಉದುರಬೇಕು.

ಮಸೆಯುವುದು ಕೆಲವು ತಿಂಗಳಿಗೊಮ್ಮೆ ಸಾಕು, ಆದರೆ ಚರ್ಮದ ಪಟ್ಟಿಗೆ ತೀಡುವುದು ಪ್ರತಿ ಸಲವೂ ಆಗಬೇಕು. ಪಟ್ಟಿಯ ಒಂದು ತುದಿಯನ್ನು ಗೋಡೆಯ ಗಟ್ಟಿ ಮೊಳೆಗೆ ಸಿಕ್ಕಿಸಿ, ಇನ್ನೊಂದು ತುದಿ ಬಿಗಿಯಾಗಿ ಎಳೆದು ಹಿಡಿಯಿರಿ, ಜೋಲು ಬಿಟ್ಟರೆ ಅಂಚು ಗುಂಡಾಗುತ್ತದೆ. ಬೆನ್ನು ಮುಂದೆ ಹೋಗಬೇಕು, ಅಂಚು ಹಿಂದೆ ಬರಬೇಕು. ತುದಿ ತಲುಪಿದ ಮೇಲೆ ಕತ್ತಿಯನ್ನು ಬೆನ್ನಿನ ಮೇಲೇ ಹೊರಳಿಸಿ ವಾಪಸ್ ಎಳೆಯಿರಿ. ಅಂಚಿನ ಕಡೆಯಿಂದ ಹೊರಳಿಸಿದರೆ ಪಟ್ಟಿ ಹರಿಯುತ್ತದೆ, ಕತ್ತಿಯೂ ಕೆಡುತ್ತದೆ. ಬಟ್ಟೆಯ ಪಟ್ಟಿಯ ಮೇಲೆ ಒಂದಿಪ್ಪತ್ತು ಸಲ, ಆಮೇಲೆ ಚರ್ಮದ ಮೇಲೆ ಒಂದು ನಲವತ್ತು ಸಲ ಹೋಗಿ ಬಂದರೆ ಸಾಕು. ಸಿನಿಮಾದಲ್ಲಿ ತೋರಿಸುವ ಹಾಗೆ ಪಟಪಟ ಮಾಡಬೇಕಾಗಿಲ್ಲ. ಬೆಣ್ಣೆ ಚಾಕುವನ್ನೋ ಐಸ್‌ಕ್ರೀಮ್ ಕಡ್ಡಿಯನ್ನೋ ಹಿಡಿದುಕೊಂಡು ಒಂದು ವಾರ ಈ ಹೊರಳಿಸುವುದನ್ನೇ ಅಭ್ಯಾಸ ಮಾಡಿ. ನನ್ನನ್ನು ಕೇಳಿದರೆ ಕತ್ತಿಯ ಕ್ಷೌರದಲ್ಲಿ ಅರ್ಧ ವಿದ್ಯೆ ಇರುವುದು ಪಟ್ಟಿಯ ಮೇಲೇ, ಜನ ಮಾತ್ರ ಮುಖದ ಮೇಲಿನ ಅರ್ಧವನ್ನಷ್ಟೇ ಕಲಿಯಲು ಹೊರಡುತ್ತಾರೆ.

ಇನ್ನು ಮುಖ. ಎರಡು ದಿನ ಗಡ್ಡ ಬಿಟ್ಟು ಬೆರಳಿನಿಂದ ಸವರಿ ನೋಡಿ, ಎಲ್ಲೆಲ್ಲಿ ಕೂದಲು ಯಾವ ಕಡೆಗೆ ಬಾಗಿದೆ ಅಂತ ಗೊತ್ತಾಗುತ್ತದೆ. ಕುತ್ತಿಗೆಯಲ್ಲಿ ತುಂಬಾ ಜನಕ್ಕೆ ಅಡ್ಡಡ್ಡ ಬೆಳೆದಿರುತ್ತದೆ. ಸ್ನಾನ ಆದ ಮೇಲೆ, ಇಲ್ಲವೇ ಬಿಸಿನೀರಿನ ಬಟ್ಟೆಯನ್ನು ಎರಡು ಮೂರು ನಿಮಿಷ ಒತ್ತಿ ಹಿಡಿದ ಮೇಲೆ ಶುರುಮಾಡಿ. ಇದು ಬರೀ ಸುಖಕ್ಕೆ ಹೇಳಿದ್ದಲ್ಲ. 2020ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೆದುವಾದ ಕೂದಲು ಬ್ಲೇಡನ್ನು ಹೇಗೆ ಮೊಂಡು ಮಾಡುತ್ತದೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೂದಲು ಬಾಗಿ ಓರೆಯಾಗಿ ಸಿಕ್ಕಿದಾಗ ಅಂಚಿನಿಂದ ಸಣ್ಣ ಸಣ್ಣ ಚೂರು ಎದ್ದುಹೋಗುತ್ತವಂತೆ. ನೆನೆದ ಕೂದಲು ಸುಲಭವಾಗಿ ತುಂಡಾಗುತ್ತದೆ, ನಿಮ್ಮ ಚರ್ಮಕ್ಕೂ ಅಂಚಿಗೂ ಎರಡಕ್ಕೂ ಒಳ್ಳೆಯದು.

ಕತ್ತಿಯನ್ನು ಹಿಡಿ ಮೇಲೆ ಬರುವ ಹಾಗೆ ಬಿಚ್ಚಿ. ಮೂರು ಬೆರಳು ಅಲಗಿನ ಬುಡದ ಮೇಲೆ, ಹೆಬ್ಬೆರಳು ಕೆಳಗೆ, ಕಿರುಬೆರಳು ಹಿಂದಿನ ಬಾಲದ ಮೇಲೆ. ಇನ್ನೊಂದು ಕೈಯಿಂದ ಚರ್ಮವನ್ನು ಮೇಲಕ್ಕೆ ಎಳೆದು ಬಿಗಿ ಮಾಡಿ. ಸಡಿಲ ಚರ್ಮದ ಮೇಲೆ ಯಾವತ್ತೂ ಕತ್ತಿ ಓಡಿಸಬೇಡಿ. ಕೆನ್ನೆಗೆ ಅಲಗನ್ನು ಚಪ್ಪಟೆಯಾಗಿ ಇಟ್ಟು, ಆಮೇಲೆ ಬೆನ್ನನ್ನು ಸ್ವಲ್ಪ ಎತ್ತಿ, ಸುಮಾರು 30 ಡಿಗ್ರಿ. ಅಳೆಯಲು ಆಗುವುದಿಲ್ಲ ಅಲ್ವಾ, ಅದಕ್ಕೆ ಬೆನ್ನಿನ ದಪ್ಪದ ಒಂದೂವರೆ ಎರಡು ಪಟ್ಟು ಜಾಗ ಬೆನ್ನಿಗೂ ಚರ್ಮಕ್ಕೂ ನಡುವೆ ಇರಲಿ. ಜಾಸ್ತಿ ಎತ್ತಿದರೆ ಕೆರೆಯುತ್ತದೆ, ಕಡಿಮೆಯಾದರೆ ಎಳೆಯುತ್ತದೆ. ಕೂದಲು ಬೆಳೆದ ದಿಕ್ಕಿನಲ್ಲೇ, ಒಂದೊಂದು ಇಂಚು, ಕತ್ತಿಯ ಸ್ವಂತ ಭಾರವೇ ಸಾಕು. ನೆನಪಿರಲಿ, ಅಲಗು ಹೋಗಬೇಕಾದ್ದು ಅಂಚು ಮುಂದಾಗಿ, ನೇರವಾಗಿ. ಉದ್ದುದ್ದಕ್ಕೆ, ಹಣ್ಣು ಕೊಯ್ದ ಹಾಗೆ ಜಾರಿದರೆ ಅದೇ ಗಾಯ.

ಮೊದಲ ಎರಡು ಮೂರು ವಾರ ಎರಡು ಕೆನ್ನೆ ಮಾತ್ರ. ಮಿಕ್ಕಿದ್ದನ್ನು ನಿಮ್ಮ ಮಾಮೂಲಿ ರೇಜರ್‌ನಲ್ಲೇ ಮುಗಿಸಿ. ಆಮೇಲೆ ದವಡೆಯ ಕೆಳಗೆ, ಆಮೇಲೆ ಕುತ್ತಿಗೆ. ಗದ್ದ ಮತ್ತು ಮೇಲ್ತುಟಿ ಕಡೆಗೆ ಇರಲಿ, ಅಲ್ಲಿ ತಿರುವು ಜಾಸ್ತಿ. ಕೂದಲಿಗೆ ಎದುರಾಗಿ ಕತ್ತಿ ಓಡಿಸುವುದನ್ನು ಈ ವರ್ಷ ಮರೆತುಬಿಡಿ. ಕತ್ತಿ ಎಳೆಯಲು ಶುರುಮಾಡಿದರೆ ಒತ್ತಬೇಡಿ, ನಿಲ್ಲಿಸಿ, ಮತ್ತೆ ಪಟ್ಟಿಗೆ ಹೋಗಿ. ಕೈ ಜಾರಿ ಕತ್ತಿ ಬಿದ್ದರೆ ಹಿಡಿಯಲು ಹೋಗಲೇಬೇಡಿ, ಬೀಳಲಿ ಬಿಡಿ, ಕಾಲು ಹಿಂದಕ್ಕೆ ತೆಗೆಯಿರಿ. ಬಾತ್‌ರೂಮಿನ ಬಾಗಿಲಿಗೆ ಚಿಲಕ ಹಾಕಿಕೊಳ್ಳಿ, ಆಫೀಸಿಗೆ ತಡವಾದ ದಿನ ಕತ್ತಿ ಮುಟ್ಟಬೇಡಿ. ಸಣ್ಣ ಗೀರಿಗೆ ಪಟಿಕ ಸವರಿದರೆ ರಕ್ತ ನಿಲ್ಲುತ್ತದೆ. ಆಳವಾಗಿದ್ದರೆ ಶುಭ್ರ ಬಟ್ಟೆ ಒತ್ತಿ ಹಿಡಿದು ಡಾಕ್ಟರ ಹತ್ತಿರ ಹೋಗಿ.

ಮುಗಿದ ಮೇಲೆ ತೊಳೆದು ಪೂರ್ತಿ ಒಣಗಿಸಿ, ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಸವರಿ ಇಡಿ.

ಪ್ರಶ್ನೆ: ನನಗೆ ಹಳೆಯ ಕತ್ತಿ ಇಲ್ಲ. ಆನ್‌ಲೈನ್‌ನಲ್ಲಿ ಏಳೆಂಟು ನೂರಕ್ಕೆ ಚೆಂದದ ಕತ್ತಿ ಸಿಗುತ್ತವೆ, ಅಲೆ ಅಲೆ ವಿನ್ಯಾಸದ್ದು. ಕಟಿಂಗ್ ಶಾಪ್‌ನವರು ಬಳಸುವ ಬ್ಲೇಡ್ ಹಾಕುವ ಕತ್ತಿ ಇನ್ನೂ ಅಗ್ಗ. ಯಾವುದು ತಗೊಳ್ಳಲಿ? (ಹರಿಹರದಿಂದ ಒಬ್ಬ ಓದುಗ)

ಉತ್ತರ: ಆ ಏಳೆಂಟು ನೂರರದ್ದು ಬೇಡ. ಆ ಬೆಲೆಗೆ ಬರುವ ಬಹುಪಾಲು ಕತ್ತಿಗಳು ನೋಡಲು ಮಾತ್ರ ಕತ್ತಿ. ಅಲಗು ಸೊಟ್ಟ ಇರುತ್ತದೆ, ಉಕ್ಕು ಅಂಚು ಹಿಡಿದು ನಿಲ್ಲುವುದಿಲ್ಲ. ನೀವು ಎಷ್ಟು ಮಸೆದರೂ ಅದು ಮೊಂಡೇ. ಹೊಸಬರು ನನ್ನಿಂದ ಆಗಲಿಲ್ಲ ಅಂತ ಕೈಬಿಡುವುದಕ್ಕೆ ಇಂಥ ಕತ್ತಿಗಳೇ ದೊಡ್ಡ ಕಾರಣ ಅನ್ನುವುದು ನನ್ನ ಅಭಿಪ್ರಾಯ.

ದುಡ್ಡು ಇದ್ದರೆ ಜರ್ಮನಿಯ ಸೋಲಿಂಗೆನ್ ಅಥವಾ ಫ್ರಾನ್ಸಿನ ತಿಯೆರ್ ಊರಿನ ಕತ್ತಿ. ಸೋಲಿಂಗೆನ್ ಅನ್ನುವ ಹೆಸರನ್ನು ಯಾರು ಬೇಕಾದರೂ ಹಾಕುವ ಹಾಗಿಲ್ಲ, 1938ರಿಂದ ಅದಕ್ಕೆ ಜರ್ಮನಿಯಲ್ಲಿ ಕಾನೂನಿನ ರಕ್ಷಣೆ ಇದೆ. ಆದರೆ ಹೊಸದು ನಮ್ಮ ಕೈಗೆ ಬರುವಷ್ಟರಲ್ಲಿ ಹತ್ತು ಸಾವಿರ ದಾಟುತ್ತದೆ, ಪಟ್ಟಿ ಬೇರೆ. 5/8 ಇಂಚಿನ ಅಗಲ, ದುಂಡು ಮೂಗಿನದು ತಗೊಳ್ಳಿ. ಚೂಪು ಮೂಗಿನ ಕತ್ತಿ ಕಿವಿಗೆ, ತುಟಿಯ ಮೂಲೆಗೆ ತಾಗುತ್ತದೆ. ಕ್ಷೌರಕ್ಕೆ ಸಿದ್ಧ ಮಾಡಿ ಮಸೆದು ಕೊಡುತ್ತೀರಾ ಅಂತ ಮಾರುವವರನ್ನು ಬಾಯಿಬಿಟ್ಟು ಕೇಳಿ. ಕಾರ್ಖಾನೆಯಿಂದ ಬಂದ ಹೊಸ ಕತ್ತಿ ಎಲ್ಲವೂ ಮುಖಕ್ಕೆ ಇಡುವಷ್ಟು ಹರಿತ ಇರುವುದಿಲ್ಲ.

ಅರ್ಧ ಬ್ಲೇಡ್ ಹಾಕುವ ಕತ್ತಿಯಿಂದ ಶುರುಮಾಡಿದರೆ ತಪ್ಪಿಲ್ಲ. ನೂರಿನ್ನೂರರಲ್ಲಿ ಸಿಗುತ್ತದೆ, ಸಾಣೆಯ ಚಿಂತೆ ಇಲ್ಲ, ಬ್ಲೇಡ್ ಯಾವಾಗಲೂ ಹರಿತ. ಆದರೆ ಒಂದು ತಿಳಿದಿರಲಿ. ಅದು ಹಗುರ, ಬ್ಲೇಡಿನ ಅಂಚು ತೀರಾ ಚುರುಕು, ಕೈ ಸ್ವಲ್ಪ ಓರೆಯಾದರೂ ಕ್ಷಮಿಸುವುದಿಲ್ಲ. ಬೆನ್ನನ್ನು ಇನ್ನೂ ಸ್ವಲ್ಪ ಕೆಳಗಿಟ್ಟು, ಇನ್ನೂ ಹಗುರವಾಗಿ ಹಿಡಿಯಿರಿ. ಅದರಲ್ಲಿ ಎರಡು ಗೀರು ಬಿದ್ದವು ಅಂತ ನಿಜವಾದ ಕತ್ತಿಯ ಆಸೆ ಬಿಡಬೇಡಿ.

ಪ್ರಶ್ನೆ: ಚಿತ್ರದುರ್ಗದ ಹತ್ತಿರದ ಹಳ್ಳಿ ನಮ್ಮದು. ಬೋರ್‌ವೆಲ್ ನೀರು. ಎಷ್ಟು ಬ್ರಷ್ ತಿರುಗಿಸಿದರೂ ನೊರೆ ನಿಲ್ಲುವುದಿಲ್ಲ, ಮೊಸರು ಒಡೆದ ಹಾಗಾಗುತ್ತದೆ. ಸೋಪು ಬದಲಾಯಿಸಿ ಬದಲಾಯಿಸಿ ಸಾಕಾಯಿತು. ಫ್ಲೋರೈಡ್ ನೀರು ಅನ್ನುತ್ತಾರೆ, ಅದಕ್ಕಾ?

ಉತ್ತರ: ಸೋಪಿಗೆ ಬೈಯಬೇಡಿ, ಇದು ನೀರಿನ ಗಡಸುತನ. ನಿಮ್ಮ ಕಡೆಯ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಜಾಸ್ತಿ. ಅವು ಸೋಪಿನ ಜೊತೆ ಸೇರಿ ಆ ಬಿಳಿ ಗಸಿ ಆಗುತ್ತದೆ. ಫ್ಲೋರೈಡ್ ಕುಡಿಯುವ ನೀರಿನಲ್ಲಿ ಜಾಸ್ತಿಯಿದ್ದರೆ ಹಲ್ಲು, ಮೂಳೆಗೆ ತೊಂದರೆ, ಅದನ್ನು ಖಂಡಿತ ಪರೀಕ್ಷೆ ಮಾಡಿಸಿ. ನೊರೆಗೂ ಅದಕ್ಕೂ ಸಂಬಂಧ ಇಲ್ಲ.

ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಒಂದು ಲೋಟ ತೆಗೆದು ಬಿಸಿ ಮಾಡಿಕೊಳ್ಳಿ. ಬ್ರಷ್ ನೆನೆಸಲು, ನೊರೆ ಕಟ್ಟಲು ಅಷ್ಟೇ ಸಾಕು. ಮಳೆನೀರು ಹಿಡಿದಿಟ್ಟಿದ್ದರೆ ಇನ್ನೂ ಚೆನ್ನ. ಮುಖ ತೊಳೆಯಲು ಬೋರ್ ನೀರೇ ಆಗಲಿ. ಬರೀ ಕಾಯಿಸಿದರೆ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಕುದಿಸಿದರೆ ಗಡಸುತನದ ಒಂದು ಭಾಗ ಮಾತ್ರ ಹೋಗುತ್ತದೆ, ಪೂರ್ತಿ ಅಲ್ಲ. ಕತ್ತಿಯ ಕ್ಷೌರಕ್ಕೆ ನೊರೆ ತೆಳ್ಳಗೆ, ಒದ್ದೆಯಾಗಿ, ಜಾರುವ ಹಾಗಿರಬೇಕು. ಮೋಡದ ಹಾಗೆ ಉಬ್ಬಿದ ಒಣ ನೊರೆ ಕೆಲಸಕ್ಕೆ ಬಾರದು. ಆಮೇಲೆ ಅಲಗಿನ ಮೇಲೆ ಬೋರ್ ನೀರು ಒಣಗಲು ಬಿಡಬೇಡಿ, ಬಿಳಿ ಕಲೆ ಕೂರುತ್ತದೆ.

ಪ್ರಶ್ನೆ: ನನ್ನ ಮಗನಿಗೆ ಹದಿನೇಳು. ಮುಖ ತುಂಬಾ ಮೊಡವೆ. ಕತ್ತಿ ಬೇಕು ಅಂತ ಹಟ ಮಾಡುತ್ತಿದ್ದಾನೆ. ಏನು ಮಾಡಲಿ ಸಾರ್? (ದಾವಣಗೆರೆ, ಒಬ್ಬ ತಾಯಿ)

ಉತ್ತರ: ಮೊಡವೆ ವಾಸಿಯಾಗುವವರೆಗೆ ಬೇಡಮ್ಮ. ಉಬ್ಬಿದ ಮೊಡವೆಯ ತಲೆ ಹಾರಿದರೆ ಸೋಂಕು ಹರಡುತ್ತದೆ. ಅಲ್ಲಿಯವರೆಗೆ ಪಟ್ಟಿಗೆ ತೀಡುವುದನ್ನು ಕಲಿಯಲಿ, ಆಸೆಯೂ ಉಳಿಯುತ್ತದೆ, ಕೈಯೂ ಪಳಗುತ್ತದೆ.

ಪ್ರಶ್ನೆ: ಚಳ್ಳಕೆರೆಯಲ್ಲಿ ನಮ್ಮದು ಕಟಿಂಗ್ ಶಾಪ್. ಅಪ್ಪಾಜಿ ಕಾಲದಿಂದ ಇದೆ. ನಾನು ಅರ್ಧ ಬ್ಲೇಡಿನಲ್ಲೇ ಕೆಲಸ ಕಲಿತವನು. ಇತ್ತೀಚೆಗೆ ಕೆಲವು ಗಿರಾಕಿಗಳು ಅಪ್ಪಾಜಿಯ ಹಳೇ ಕತ್ತಿಯಲ್ಲೇ ಮಾಡು, ಜಾಸ್ತಿ ದುಡ್ಡು ಕೊಡುತ್ತೇವೆ ಅನ್ನುತ್ತಾರೆ. ಮಾಡಬಹುದಾ?

ಉತ್ತರ: ಮಾಡಬೇಡಿ. ದುಡ್ಡಿನ ಆಸೆ ತೋರಿಸಿದರೂ ಬೇಡ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ, ಒಣಗಿದ ರಕ್ತದಲ್ಲೂ ಕನಿಷ್ಠ ಏಳು ದಿನ ಬದುಕಿರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಹಿಡಿಯ ಸಂದಿಯಲ್ಲಿ, ಮೊಳೆಯ ಸುತ್ತ ಕೂತದ್ದನ್ನು ಡೆಟಾಲ್ ನೀರಿನಲ್ಲಿ ಅದ್ದಿ ತೆಗೆಯಲು ಆಗುವುದಿಲ್ಲ. ಇನ್ನು ಚರ್ಮದ ಪಟ್ಟಿಯನ್ನು ಕುದಿಸಲು ಆಗುತ್ತದಾ? ಒಬ್ಬ ಗಿರಾಕಿಗೆ ಒಂದು ಹೊಸ ಬ್ಲೇಡ್, ಅವರ ಎದುರಿಗೇ ಮುರಿದು ಹಾಕಿ. ಅದೇ ಸರಿ. ತೀರಾ ಬೇಕು ಅನ್ನುವವರು ಅವರದೇ ಕತ್ತಿ, ಅವರದೇ ಪಟ್ಟಿ ತರಲಿ, ಅದು ಇನ್ನೊಬ್ಬರ ಮುಖಕ್ಕೆ ಹೋಗದಿರಲಿ.

ಆದರೆ ನಿಮ್ಮ ಕಾಗದ ಓದಿ ನನಗೆ ಬೇರೊಂದು ಯೋಚನೆ ಬಂತು. ನಿಮ್ಮ ತಂದೆಯವರಿಗೆ ಕಲ್ಲಿನ ಮೇಲೆ ಮಸೆಯುವುದು ಗೊತ್ತಿದೆ ಅಲ್ವಾ? ಈ ಅಂಕಣಕ್ಕೆ ಬರೆಯುವ ಹತ್ತು ಜನರಲ್ಲಿ ಹೆಚ್ಚಿನವರು ಕೇಳುವುದು ಇದನ್ನೇ, ಮಸೆದು ಕೊಡುವವರು ಎಲ್ಲಿ ಸಿಗುತ್ತಾರೆ ಅಂತ. ಅವರು ಚೆನ್ನಾಗಿರುವಾಗಲೇ ಪಕ್ಕದಲ್ಲಿ ಕೂತು ಆ ಕೆಲಸ ಕಲಿಯಿರಿ. ಕಲ್ಲಿಗೆ ನೀರು ಎಷ್ಟು, ಕೈ ಎಷ್ಟು ಹಗುರ, ಸಾಕು ಅಂತ ಅವರಿಗೆ ಯಾವುದರಿಂದ ಗೊತ್ತಾಗುತ್ತದೆ, ಶಬ್ದದಿಂದಲಾ, ಬೆರಳಿಂದಲಾ, ಎಲ್ಲ ಕೇಳಿ. ಅಂಗಡಿಯ ಮುಂದೆ ಕ್ಷೌರದ ಕತ್ತಿ ಮಸೆದು ಕೊಡಲಾಗುತ್ತದೆ ಅಂತ ಒಂದು ಬೋರ್ಡ್ ಹಾಕಿ. ಗಿರಾಕಿ ದಾವಣಗೆರೆಯಿಂದಲೂ ಬರುತ್ತಾರೆ.

ಪ್ರಶ್ನೆ: ನಮ್ಮ ತಂದೆಗೆ ಎಪ್ಪತ್ತೆಂಟು, ಸಕ್ಕರೆ ಕಾಯಿಲೆ ಇದೆ, ಹೃದಯಕ್ಕೆ ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಾರೆ. ಜೀವನಪೂರ್ತಿ ಕತ್ತಿಯಲ್ಲೇ ಗಡ್ಡ ಮಾಡಿಕೊಂಡವರು. ಈಗ ಕೈ ನಡುಗುತ್ತದೆ. ನಾನೇ ಕಲಿತು ಅವರಿಗೆ ಮಾಡಬೇಕು ಅಂತ ಆಸೆ. (ಹೊಳಲ್ಕೆರೆ, ಮಗಳು)

ಉತ್ತರ: ನಿಮ್ಮ ಆಸೆ ದೊಡ್ಡದು ತಾಯಿ, ಆದರೆ ಅವರಿಗೆ ಕತ್ತಿ ಬೇಡ. ಆ ಮಾತ್ರೆ ತಗೊಳ್ಳುವವರಿಗೆ ಸಣ್ಣ ಗೀರಿನ ರಕ್ತವೂ ಬೇಗ ನಿಲ್ಲುವುದಿಲ್ಲ, ಸಕ್ಕರೆ ಇದ್ದವರ ಗಾಯ ತಡವಾಗಿ ಮಾಯುತ್ತದೆ. ಇನ್ನೊಬ್ಬರ ಮುಖದ ಮೇಲೆ ಕತ್ತಿ ಓಡಿಸುವುದು ತನ್ನ ಮುಖಕ್ಕಿಂತ ಕಷ್ಟ, ಎಷ್ಟು ಒತ್ತುತ್ತಿದ್ದೇವೆ ಅಂತ ನಮ್ಮ ಚರ್ಮ ಹೇಳುವುದಿಲ್ಲ.

ವಿದ್ಯುತ್ ಟ್ರಿಮ್ಮರ್ ಅಥವಾ ಶೇವರ್ ತಗೊಳ್ಳಿ. ಉಳಿದದ್ದೆಲ್ಲ ಹಳೆಯ ಹಾಗೇ ಮಾಡಿ. ಬೆಳಕಿರುವ ಕಡೆ ಕುರ್ಚಿ ಹಾಕಿ, ಕುತ್ತಿಗೆಗೆ ಟವೆಲ್ ಕಟ್ಟಿ. ಟ್ರಿಮ್ಮರ್‌ಗೆ ಮುಖ ಒಣಗಿರಬೇಕು, ಹಾಗಾಗಿ ಬಿಸಿನೀರಿನ ಬಟ್ಟೆ ಕೊನೆಯಲ್ಲಿ ಕೊಡಿ, ಬಿಸಿ ಎಷ್ಟಿದೆ ಅಂತ ಮೊದಲು ನಿಮ್ಮ ಮುಂಗೈಗೆ ಇಟ್ಟು ನೋಡಿ. ಕೆನ್ನೆ ಗುಳಿ ಬಿದ್ದಿದ್ದರೆ ಒಳಗಿನಿಂದ ನಾಲಿಗೆಯಲ್ಲಿ ಒತ್ತಲು ಹೇಳಿ, ಕತ್ತಿಯವರಿಗೆ ಅದು ಅಭ್ಯಾಸ ಇರುತ್ತದೆ. ಪಟ್ಟಿ, ಕತ್ತಿ ಅವರ ಕೈಗೆ ಸಿಗುವ ಕಡೆ ಇಡಬೇಡಿ, ಆದರೆ ಪಟ್ಟಿಗೆ ಹೇಗೆ ತೀಡುತ್ತಿದ್ದಿರಿ ಅಂತ ಕೇಳಿ, ಹೇಳಿಕೊಡುತ್ತಾರೆ.